ಬ್ರಾಡ್‌ಬ್ಯಾಂಡ್ ವೇಗಕ್ಕೆ ತಕ್ಕಡಿ ಹಿಡಿಯುವವರಾರು?

ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಕುಟುಂಬದ ಮಗಳು ಮನೆಯಿಂದಲೇ ದುಡಿಯುತ್ತಾಳೆ. ಅಮೆರಿಕದ ವೈದ್ಯರು ತಮ್ಮ ರೋಗಿಗಳ ಬಗ್ಗೆ ಧ್ವನಿಮುದ್ರಿಸುವ ಟಿಪ್ಪಣಿಗಳನ್ನು ಈಗ ಕಂಪ್ಯೂಟರೇ ಬರಹಕ್ಕಿಳಿಸುತ್ತದೆ. ಆ ಬರಹದ ತಪ್ಪುಗಳನ್ನು ಧ್ವನಿ ಕೇಳುತ್ತಾ ತಿದ್ದುವುದು ಇವಳ ಕೆಲಸ. ಅಲ್ಲಿ ಬೆಳಗಾಗುವ ಹೊತ್ತಿಗೆ ಇಲ್ಲಿ ಸಂಜೆಯಾಗಿರುವುದರಿಂದ ದುಡಿಮೆಯೆಲ್ಲ ರಾತ್ರಿಯಲ್ಲೇ. ಸಂಬಳ ತಿದ್ದಿದ ಸಾಲುಗಳ ಲೆಕ್ಕದಲ್ಲಿ. ಗಡುವು ಮೀರಿದರೆ ಕಡಿತ. ‘100 ಎಂಬಿಪಿಎಸ್‌ವರೆಗೆ ವೇಗ’ ಎಂಬ ಜಾಹೀರಾತನ್ನು ನಂಬಿ ಕಳೆದ ವರ್ಷ ಅವಳು ಹೊಸ ಬ್ರಾಡ್‌ಬ್ಯಾಂಡ್ ಸಂಪರ್ಕ ಪಡೆದಳು. ಹಗಲಿನಲ್ಲಿ ಎಲ್ಲವೂ ಸರಾಗ. ಸಂಜೆ ಏಳು ದಾಟಿತೆಂದರೆ ವೇಗ ಕುಸಿದು ಹತ್ತು, ಹನ್ನೆರಡಕ್ಕೆ ಬಂದು ನಿಲ್ಲುತ್ತಿತ್ತು; ಕೆಲವೊಮ್ಮೆ ಅದೂ ಇಲ್ಲ. ಒಂದು ತಿಂಗಳು ಅವಳ ಸಂಬಳದಲ್ಲಿ ಕಡಿತವಾದ ಹಣ ಇಂಟರ್ನೆಟ್ ಬಿಲ್ಲಿನ ಮೂರು ಪಟ್ಟಾಗಿತ್ತು. ಬಿಲ್ಲು ಮಾತ್ರ ಒಂದು ಪೈಸೆಯೂ ಕಡಿಮೆಯಾಗದೆ ಸಕಾಲಕ್ಕೆ ಬಂದಿತು.

‘ಅಂಕಲ್, ನೀವು ಸರ್ಕಾರದಲ್ಲಿ ಇದ್ದವರು, ಒಂದು ಪತ್ರ ಬರೆದುಕೊಡಿ’ ಎಂದು ಅವಳು ಕೇಳಿದಾಗ ನಾನು ಸಂತೋಷದಿಂದಲೇ ಒಪ್ಪಿಕೊಂಡೆ. ಮೂವತ್ತಕ್ಕೂ ಹೆಚ್ಚು ವರ್ಷ ಅರ್ಜಿಗಳನ್ನು ಸ್ವೀಕರಿಸಿದವನಿಗೆ ಅರ್ಜಿ ಬರೆಯುವುದೇನು ಮಹಾ ಕಷ್ಟ ಎಂದುಕೊಂಡಿದ್ದೆ. ನಾಲ್ಕು ದೂರುಗಳು, ನಾಲ್ಕು ದೂರು ಸಂಖ್ಯೆಗಳು. ಮೂರು ದೂರುಗಳು ನಮಗೆ ಗೊತ್ತಾಗುವ ಮುನ್ನವೇ ‘ಪರಿಹರಿಸಲಾಗಿದೆ’ ಎಂಬ ಸಂದೇಶದೊಂದಿಗೆ ಮುಕ್ತಾಯಗೊಂಡವು. ನಾಲ್ಕನೆಯದಕ್ಕೆ ಒಬ್ಬ ತರುಣ ಬಂದ. ಬೆಳಿಗ್ಗೆ ಹನ್ನೊಂದು ಗಂಟೆ. ತನ್ನ ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿ, ಒಂದು ಗುಂಡಿ ಒತ್ತಿ, ಪರದೆಯನ್ನು ನನ್ನತ್ತ ತಿರುಗಿಸಿದ. ‘ನೋಡಿ ಸಾರ್, 96 ಬರ್ತಿದೆ.’ ಸಂಜೆ ಎಂಟಕ್ಕೆ ಬಂದು ಇದನ್ನೇ ತೋರಿಸಪ್ಪಾ ಎಂದೆ. ‘ನಮ್ಮ ಡ್ಯೂಟಿ ಆರಕ್ಕೆ ಮುಗಿಯುತ್ತೆ ಸಾರ್’ ಎಂದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಗುತ್ತಿಗೆಯ ಹುಡುಗ, ದಿನಕ್ಕೆ ಇಷ್ಟು ಮನೆ ಎಂದು ಲೆಕ್ಕ ಒಪ್ಪಿಸಬೇಕಾದವನು. ಹೊರಡುವಾಗ ಅವನೇ ಮೆಲ್ಲಗೆ ಹೇಳಿದ: ‘ನಮ್ಮ ಮನೇಲೂ ಸಾಯಂಕಾಲ ಇದೇ ಕಥೆ ಸಾರ್.’

ಅಂದು ರಾತ್ರಿ ನಾನು ಕನ್ನಡಕ ಹಾಕಿಕೊಂಡು ಕಂಪನಿಯ ಕರಾರು ಪತ್ರವನ್ನು ಪೂರ್ತಿ ಓದಿದೆ. ಕಂಪನಿ ಎಲ್ಲಿಯೂ ಮಾತು ತಪ್ಪಿರಲಿಲ್ಲ. ಅದು ನೂರು ಕೊಡುತ್ತೇನೆಂದು ಹೇಳಿಯೇ ಇಲ್ಲ; ನೂರರ‘ವರೆಗೆ’ ಎಂದಿತ್ತು. ಹತ್ತು ಕೊಟ್ಟರೂ ಅದು ನೂರರವರೆಗೆ. ಒಂದು ಕೊಟ್ಟರೂ ಅಷ್ಟೇ. ನೂರಹತ್ತು ಕೊಟ್ಟರೆ ಮಾತ್ರ ಈ ವಚನ ಭಂಗವಾದೀತು. ಕಡಿಮೆ ಕೊಡುವುದಕ್ಕೆ ಮಿತಿಯನ್ನೇ ಹಾಕದ, ಹೆಚ್ಚು ಕೊಡುವುದಕ್ಕೆ ಮಾತ್ರ ಮಿತಿ ಹಾಕುವ ಇಂಥ ಮಾರಾಟದ ಕರಾರನ್ನು ನನ್ನ ಸೇವಾವಧಿಯಲ್ಲಿ ನಾನು ಬೇರೆಲ್ಲೂ ಕಂಡ ನೆನಪಿಲ್ಲ.

ಆಗ ನೆನಪಾದದ್ದು ಒಂದು ತಕ್ಕಡಿ. ಸೇವೆಗೆ ಸೇರಿದ ಹೊಸತು, 1980ರ ದಶಕದ ಕೊನೆಯ ದಿನಗಳು. ತಾಲ್ಲೂಕು ಕೇಂದ್ರವೊಂದರಲ್ಲಿ ತರಬೇತಿಯಲ್ಲಿದ್ದಾಗ ಆಹಾರ ಶಿರಸ್ತೇದಾರರೊಂದಿಗೆ ನ್ಯಾಯಬೆಲೆ ಅಂಗಡಿಯೊಂದರ ತಪಾಸಣೆಗೆ ಹೋಗಿದ್ದೆ. ತಟ್ಟೆಯನ್ನು ಮಗುಚಿ ನೋಡಿದರೆ ಅಡಿಯಲ್ಲಿ ಹುಣಸೆಹಣ್ಣಿನ ಉಂಡೆ ಮೆತ್ತಿತ್ತು. ಐದು ಕಿಲೋ ಎಂದು ತೂಗಿದ ಅಕ್ಕಿಯನ್ನು ಸರಿಯಾದ ತಕ್ಕಡಿಗೆ ಹಾಕಿದಾಗ ಕಾಲು ಕಿಲೋ ಕಡಿಮೆ. ಅಂಗಡಿಯಾತ ಕೈಮುಗಿದು ಹೇಳಿದ: ‘ಸ್ವಾಮಿ, ಐದು ಕಿಲೋ ಅಂದ್ರೆ ಸುಮಾರಾಗಿ ಐದು ಕಿಲೋ.’ ನೆರೆದ ಜನ ನಕ್ಕರು, ತಕ್ಕಡಿ ಜಪ್ತಿಯಾಯಿತು. ಅವನ ‘ಸುಮಾರಾಗಿ’ ಅಪರಾಧವಾಗಿತ್ತು. ಇಂದು ಪತ್ರಿಕೆ, ಟಿ.ವಿ., ಫಲಕಗಳ ತುಂಬ ರಾರಾಜಿಸುವ ‘ವರೆಗೆ’ ಏಕೆ ಅಪರಾಧವಲ್ಲ?

ಹಂಚಿಕೆಯ ಗುಟ್ಟು

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಮಾರಾಟವಾಗುತ್ತಿರುವ ವಸ್ತು ಯಾವುದೆಂದು ತಿಳಿಯಬೇಕು. ಮೊದಲ ಗೊಂದಲ ಅಳತೆಯ ಮಾನದಲ್ಲೇ ಇದೆ. ಕಂಪನಿಗಳು ವೇಗವನ್ನು ಮೆಗಾಬಿಟ್‌ಗಳಲ್ಲಿ ಹೇಳುತ್ತವೆ. ನಮ್ಮ ಕಂಪ್ಯೂಟರು ಕಡತಗಳ ಗಾತ್ರವನ್ನು ಮೆಗಾಬೈಟ್‌ಗಳಲ್ಲಿ ತೋರಿಸುತ್ತದೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ ನೂರು ಎಂಬಿಪಿಎಸ್ ಪೂರ್ತಿಯಾಗಿ ಬಂದರೂ ಸೆಕೆಂಡಿಗೆ ಇಳಿಯುವುದು ಹೆಚ್ಚೆಂದರೆ ಹನ್ನೆರಡೂವರೆ ಮೆಗಾಬೈಟ್. ಇದರಲ್ಲಿ ಮೋಸವೇನಿಲ್ಲ, ದೂರಸಂಪರ್ಕದ ಲೆಕ್ಕ ಮೊದಲಿನಿಂದಲೂ ಬಿಟ್‌ಗಳಲ್ಲೇ ನಡೆದುಬಂದಿದೆ. ಆದರೆ ಗ್ರಾಹಕರಲ್ಲಿ ಎಷ್ಟು ಮಂದಿಗೆ ಈ ವ್ಯತ್ಯಾಸ ಗೊತ್ತಿದೆ? ಹೇಳುವ ಹೊಣೆ ಯಾರದೂ ಅಲ್ಲದಿರುವುದರಿಂದ ಯಾರೂ ಹೇಳುವುದಿಲ್ಲ.

ಎರಡನೆಯದು, ಬ್ರಾಡ್‌ಬ್ಯಾಂಡ್ ನಮ್ಮೊಬ್ಬರಿಗೇ ಮೀಸಲಾದ ಕೊಳವೆಯಲ್ಲ. ಹಿಂದೆ ತಾಮ್ರದ ತಂತಿಯ ಕಾಲದಲ್ಲಿ ದೂರವಾಣಿ ವಿನಿಮಯ ಕೇಂದ್ರದಿಂದ ಮನೆ ದೂರವಾದಂತೆಲ್ಲ ವೇಗ ತಗ್ಗುತ್ತಿತ್ತು. ಈಗಿನ ಫೈಬರ್‌ನಲ್ಲಿ ದೂರದ ಬಾಧೆ ಬಹುಮಟ್ಟಿಗೆ ಇಲ್ಲ. ಹಂಚಿಕೆಯ ಬಾಧೆ ಇದೆ. ನಮ್ಮ ಬಡಾವಣೆಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಜಿಪಾನ್ ವ್ಯವಸ್ಥೆಯಲ್ಲಿ ಒಂದು ಫೈಬರ್ ಎಳೆ ಸೆಕೆಂಡಿಗೆ ಸುಮಾರು 2,500 ಮೆಗಾಬಿಟ್ ಹೊತ್ತು ತರುತ್ತದೆ. ಅದನ್ನು 32 ಅಥವಾ 64 ಮನೆಗಳಿಗೆ ಸೀಳುವುದು ಸಾಮಾನ್ಯ. ಅರವತ್ತನಾಲ್ಕು ಮನೆಯವರೂ ಒಂದೇ ಕ್ಷಣದಲ್ಲಿ ಪೂರ್ಣ ವೇಗ ಬಯಸಿದರೆ ತಲಾ 39 ಮಾತ್ರ ದಕ್ಕೀತು. ಪ್ರತಿ ಮನೆಗೂ ‘ನೂರರವರೆಗೆ’ ಮಾರಿದ್ದರೆ ಒಟ್ಟು ಮಾರಿದ್ದು 6,400, ಇರುವುದು 2,500. ಇಷ್ಟೇ ಆಗಿದ್ದರೆ ದೊಡ್ಡ ತೊಂದರೆಯಿರಲಿಲ್ಲ. ನಿಜವಾದ ಇಕ್ಕಟ್ಟು ಅದರಾಚೆಗೆ ಇದೆ. ಬಡಾವಣೆಯ ಎಳೆಗಳೆಲ್ಲ ಕೂಡಿ ಹೊರಜಗತ್ತಿಗೆ ಸೇರುವಲ್ಲಿ ಕಂಪನಿ ಎಷ್ಟು ಸಾಮರ್ಥ್ಯವನ್ನು ಕೊಂಡಿದೆ ಎಂಬುದರ ಮೇಲೆ ಸಂಜೆಯ ವೇಗ ನಿರ್ಧಾರವಾಗುತ್ತದೆ. ಆ ಅಂಕಿ ಯಾವ ಜಾಹೀರಾತಿನಲ್ಲೂ ಇರುವುದಿಲ್ಲ.

ಹಂಚಿಕೆ ತಪ್ಪೆಂದು ನಾನು ಹೇಳುತ್ತಿಲ್ಲ. ಎಲ್ಲರೂ ಏಕಕಾಲಕ್ಕೆ ನಲ್ಲಿ ತಿರುಗಿಸುವುದಿಲ್ಲವೆಂಬ ಲೆಕ್ಕದ ಮೇಲೆಯೇ ನೀರು, ವಿದ್ಯುತ್ತು, ರಸ್ತೆ, ಬ್ಯಾಂಕು ಎಲ್ಲವೂ ನಡೆಯುತ್ತವೆ. ಪ್ರತಿ ಮನೆಗೂ ಮೀಸಲು ಸಾಮರ್ಥ್ಯ ಕೊಡಹೊರಟರೆ ಬಿಲ್ಲು ಮಧ್ಯಮವರ್ಗದವರ ಕೈಗೆಟುಕದು. ಹಂಚಿಕೊಳ್ಳಲು ನಮ್ಮ ತಕರಾರಿಲ್ಲ. ಎಷ್ಟು ಜನರೊಂದಿಗೆ ಹಂಚಿಕೊಳ್ಳುತ್ತಿದ್ದೇವೆ, ಎಲ್ಲರೂ ಬಳಸುವ ಹೊತ್ತಿನಲ್ಲಿ ನಮಗೆಷ್ಟು ಉಳಿಯುತ್ತದೆ ಎಂಬುದನ್ನು ಹಣ ಕೊಡುವ ಮುನ್ನ ತಿಳಿಸಬೇಕೆಂಬುದಷ್ಟೇ ಬೇಡಿಕೆ.

ನಮ್ಮ ಪಾಲಿನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಎಷ್ಟೋ ಮನೆಗಳಲ್ಲಿ ರೂಟರ್ ದೇವರಮನೆಯ ಹಿಂದಿನ ಮೂಲೆಯಲ್ಲೋ ಟಿ.ವಿ. ಕಪಾಟಿನೊಳಗೋ ಇರುತ್ತದೆ. ಎರಡು ಗೋಡೆ ದಾಟುವಷ್ಟರಲ್ಲಿ ವೈಫೈ ಸಂಕೇತ ಸೊರಗುತ್ತದೆ. ಹಳೆಯ ಉಪಕರಣಗಳಿಗೆ ಹೊಸ ವೇಗವನ್ನು ಹೊರುವ ಶಕ್ತಿಯೇ ಇರುವುದಿಲ್ಲ. ಕಂಪನಿಗಳು ಇದನ್ನು ಎತ್ತಿ ಹೇಳುವುದರಲ್ಲಿ ಅರ್ಥವಿದೆ. ಆದರೆ ಬೆಳಿಗ್ಗೆ 96 ತೋರಿಸಿದ ಅದೇ ಕೇಬಲ್ಲಿನಲ್ಲಿ ಅದೇ ದಿನ ರಾತ್ರಿ 11 ತೋರಿಸಿದರೆ, ನಡುವೆ ಬದಲಾದದ್ದು ನಮ್ಮ ಮನೆಯ ಗೋಡೆಯಲ್ಲ.

ಆ 96 ಎಲ್ಲಿಂದ ಬಂತೆಂಬುದೂ ಯೋಚಿಸಬೇಕಾದ ವಿಷಯ. ವೇಗ ಅಳೆಯುವ ತಂತ್ರಾಂಶಗಳು ಸಾಮಾನ್ಯವಾಗಿ ಅತಿ ಸಮೀಪದ ಸರ್ವರ್ ಆಯ್ದುಕೊಳ್ಳುತ್ತವೆ. ಅದು ಅನೇಕ ಬಾರಿ ಕಂಪನಿಯದೇ ಜಾಲದ ಒಳಗಿರುತ್ತದೆ. ಮನೆಯಿಂದ ಕಂಪನಿಯ ಅಂಗಳದವರೆಗೆ ರಸ್ತೆ ಚೆನ್ನಾಗಿದೆ ಎಂಬುದಕ್ಕಷ್ಟೇ ಅದು ಸಾಕ್ಷಿ. ಅಲ್ಲಿಂದ ಮುಂದೆ ಅಮೆರಿಕದ ಆಸ್ಪತ್ರೆಯ ಕಂಪ್ಯೂಟರಿಗೋ ಮಕ್ಕಳ ಪಾಠದ ತಾಣಕ್ಕೋ ಹೋಗುವ ಹೆದ್ದಾರಿಯಲ್ಲಿ ವಾಹನ ಸಾಲುಗಟ್ಟಿ ನಿಂತಿದ್ದರೆ ಈ ಪರೀಕ್ಷೆಗೆ ಅದು ಕಾಣದು. ವರ್ತಕನೇ ತಂದ ಬಟ್ಟಿನಿಂದ ವರ್ತಕನ ತಕ್ಕಡಿಯನ್ನು ಪರೀಕ್ಷಿಸಿದಂತೆ ಇದು.

ನಿಯಮಗಳಿಗೆ ಬರವಿಲ್ಲ

ಸರ್ಕಾರ ಸುಮ್ಮನೆ ಕುಳಿತಿದೆಯೆಂದರೆ ಅದು ಪೂರ್ಣ ಸತ್ಯವಾಗದು. 2004ರ ಬ್ರಾಡ್‌ಬ್ಯಾಂಡ್ ನೀತಿ ಸೆಕೆಂಡಿಗೆ ಕನಿಷ್ಠ 256 ಕಿಲೋಬಿಟ್ ವೇಗವಿದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎನ್ನಬಹುದೆಂದು ವ್ಯಾಖ್ಯಾನಿಸಿತು. ಆ ವೇಗದಲ್ಲಿ 700 ಮೆಗಾಬೈಟಿನ ಒಂದು ಸಿನಿಮಾ ಇಳಿಯಲು ಆರು ಗಂಟೆ ಬೇಕಾಗುತ್ತಿತ್ತು. ಆದರೂ ಡಯಲಪ್ ಸಂಪರ್ಕದ ಕೀರಲು ಸದ್ದು ಕೇಳಿ ಬೇಸತ್ತಿದ್ದ ನಮಗೆ ಅದೇ ಪುಷ್ಪಕ ವಿಮಾನ. 2013ರಲ್ಲಿ ಈ ಕನಿಷ್ಠ ಮಿತಿ 512 ಕಿಲೋಬಿಟ್‌ಗೆ ಏರಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2021ರಲ್ಲಿ ಮಾಡಿದ ಶಿಫಾರಸಿನ ಮೇರೆಗೆ 2023ರ ಜನವರಿಯಲ್ಲಿ ಅದು 2 ಮೆಗಾಬಿಟ್ ಆಯಿತು. ಜಾಹೀರಾತಿನಲ್ಲಿ ನೂರು, ಇನ್ನೂರು, ಸಾವಿರ. ಕಾನೂನಿನ ವ್ಯಾಖ್ಯೆಯಲ್ಲಿ ಎರಡು. ‘ವರೆಗೆ’ ಎಂಬ ಪದ ಆಟವಾಡುವುದು ಈ ವಿಶಾಲ ಮೈದಾನದಲ್ಲೇ.

ಟ್ರಾಯ್ 2006ರಲ್ಲಿ ಬ್ರಾಡ್‌ಬ್ಯಾಂಡ್ ಸೇವೆಯ ಗುಣಮಟ್ಟ ಕುರಿತ ನಿಯಮಾವಳಿ ಹೊರಡಿಸಿತು. ಗ್ರಾಹಕ ಹಣ ತೆತ್ತ ವೇಗದ ಶೇ 80ಕ್ಕಿಂತ ಹೆಚ್ಚು ಅವನಿಗೆ ದೊರೆಯಬೇಕು ಎಂಬುದು ಅದರ ಒಂದು ಮಾನದಂಡ. ಕೇಳಲು ಹಿತವಾಗಿದೆ. ಆದರೆ ಆ ಅಳತೆ ಕಂಪನಿಯ ಕೇಂದ್ರಬಿಂದುವಿನಿಂದ ಗ್ರಾಹಕನ ಮನೆಯವರೆಗೆ ಮಾತ್ರ. ಅಂದರೆ ಮೇಲೆ ಹೇಳಿದ ಅಂಗಳದ ರಸ್ತೆಗೆ ಮಾತ್ರ. ಅದೇ ನಿಯಮಾವಳಿಯಲ್ಲಿ ದುರಸ್ತಿ ಮೂರು ಕೆಲಸದ ದಿನ ಮೀರಿದರೆ ಬಾಡಿಗೆಯಲ್ಲಿ ರಿಯಾಯಿತಿ ಕೊಡಬೇಕೆಂಬ ವಿಧಿಯೂ ಇತ್ತು. ಸಂಪರ್ಕ ಪೂರ್ತಿ ಸತ್ತರೆ ಪರಿಹಾರ. ಪ್ರತಿ ಸಂಜೆ ಅರೆಜೀವವಾಗಿ ಬಿದ್ದಿದ್ದರೆ ಪರಿಹಾರವಿಲ್ಲ. 2024ರ ಆಗಸ್ಟ್‌ನಲ್ಲಿ ಟ್ರಾಯ್ ಹಳೆಯ ನಿಯಮಾವಳಿಗಳನ್ನು ಒಗ್ಗೂಡಿಸಿ ಹೊಸ ಗುಣಮಟ್ಟ ನಿಯಮಾವಳಿಯನ್ನು ಪ್ರಕಟಿಸಿದೆ. ಅದು ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಕಂಪನಿಗಳು ತಮ್ಮ ಸಾಧನೆಯ ಅಂಕಿಗಳನ್ನು ತಮ್ಮ ಜಾಲತಾಣಗಳಲ್ಲಿ ಪ್ರಕಟಿಸಬೇಕೆಂದಿರುವುದು ಸ್ವಾಗತಾರ್ಹ. ಆದರೆ ಇಡೀ ಪ್ರದೇಶದ ಸರಾಸರಿಯಲ್ಲಿ ನಮ್ಮ ಬೀದಿಯ ಸಂಜೆ ಎಂಟು ಗಂಟೆ ಕರಗಿಹೋಗುತ್ತದೆ. ನದಿಯ ಸರಾಸರಿ ಆಳ ನಾಲ್ಕು ಅಡಿಯೆಂದು ನಂಬಿ ನಡೆದುಹೋದವನು ಮುಳುಗಿದ ಕಥೆಯನ್ನು ಸಂಖ್ಯಾಶಾಸ್ತ್ರದ ಮೊದಲ ತರಗತಿಯಲ್ಲೇ ಹೇಳುತ್ತಾರೆ.

‘ಅನಿಯಮಿತ’ ಎಂಬ ಇನ್ನೊಂದು ಪದದ ಕಥೆಯೂ ಇದೇ. ಅನಿಯಮಿತ ಯೋಜನೆಯೆಂದು ಮಾರಿ, ಇಂತಿಷ್ಟು ಬಳಕೆಯ ನಂತರ ‘ನ್ಯಾಯೋಚಿತ ಬಳಕೆ’ಯ ಹೆಸರಿನಲ್ಲಿ ವೇಗ ತಗ್ಗಿಸುವ ಪದ್ಧತಿ ನಮ್ಮಲ್ಲಿ ಬಹುಕಾಲ ನಡೆಯಿತು. ಹಾಗೆ ತಗ್ಗಿಸಿದರೂ 512 ಕಿಲೋಬಿಟ್‌ಗಿಂತ ಕೆಳಗಿಳಿಸಬಾರದೆಂದು 2016ರ ಅಕ್ಟೋಬರ್‌ನಲ್ಲಿ ಟ್ರಾಯ್ ನಿರ್ದೇಶನ ನೀಡಬೇಕಾಯಿತು. ಈಗ ಮಿತಿಗಳು ಸಾಕಷ್ಟು ಹಿಗ್ಗಿರುವುದರಿಂದ ಸಾಮಾನ್ಯ ಕುಟುಂಬಕ್ಕೆ ಅದು ತಟ್ಟುವುದು ಅಪರೂಪ. ಆದರೆ ಮಿತಿಯಿರುವ ವಸ್ತುವನ್ನು ‘ಅನಿಯಮಿತ’ವೆಂದು ಕರೆಯುವ ಚಾಳಿ ಹಾಗೆಯೇ ಉಳಿದಿದೆ.

ತೂಕ ಮತ್ತು ಅಳತೆಯ ವಿಷಯದಲ್ಲಿ ಈ ದೇಶ ಇಷ್ಟು ಅಸಹಾಯಕವೇನಲ್ಲ. ಸೇರು, ಬಳ್ಳ, ಕೊಳಗಗಳ ಅಳತೆ ಊರಿಂದೂರಿಗೆ ಬೇರೆಯಾಗಿದ್ದ ಕಾಲವೊಂದಿತ್ತು. 1956ರ ಕಾಯ್ದೆಯಿಂದ, 1958ರಿಂದ ಹಂತಹಂತವಾಗಿ, ಮೆಟ್ರಿಕ್ ಮಾನಗಳು ಬಂದವು. ಇಂದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯೂ ಪೊಟ್ಟಣ ಸರಕುಗಳ 2011ರ ನಿಯಮಗಳೂ ಇವೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಬರೆಯುವ ತೂಕದ ಜತೆಗೆ ಗ್ರಾಹಕನ ದಾರಿ ತಪ್ಪಿಸುವ, ಉತ್ಪ್ರೇಕ್ಷೆಯ ಭಾವನೆ ಹುಟ್ಟಿಸುವ ಯಾವ ಪದವನ್ನೂ ಸೇರಿಸುವಂತಿಲ್ಲ. ಪೆಟ್ರೋಲ್ ಬಂಕಿನಲ್ಲಿ ಸಂಶಯ ಬಂದರೆ ಮುದ್ರೆಯೊತ್ತಿದ ಐದು ಲೀಟರಿನ ಮಾಪನದಲ್ಲಿ ಅಳೆದು ತೋರಿಸಿರೆಂದು ಕೇಳುವ ಹಕ್ಕು ನಮಗಿದೆ. ‘ಒಂದು ಲೀಟರಿನವರೆಗೆ ಹಾಲು’ ಎಂದು ಯಾವ ಡೇರಿಯೂ ಬರೆಯಲಾಗದು. ಐದು ರೂಪಾಯಿಯ ಬಿಸ್ಕತ್ತಿಗಿರುವ ಶಿಸ್ತು ವರ್ಷಕ್ಕೆ ಹತ್ತು ಸಾವಿರ ರೂಪಾಯಿಯಷ್ಟು ತೆರುವ ಬ್ರಾಡ್‌ಬ್ಯಾಂಡಿಗೆ ಇಲ್ಲ.

ಇದರಿಂದ ಆಗುವ ಹಾನಿ ಒಬ್ಬಿಬ್ಬರ ಜೇಬಿಗೆ ಸೀಮಿತವಲ್ಲ. ಜಾರ್ಜ್ ಅಕೆರ್‌ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಬರೆದ ಹಳೆಯ ಕಾರುಗಳ ಮಾರುಕಟ್ಟೆಯ ಕುರಿತ ಪ್ರಬಂಧವನ್ನು ಎಂ.ಎ. ತರಗತಿಯಲ್ಲಿ ಓದಿದ್ದೆ. ಅವರಿಗೆ 2001ರಲ್ಲಿ ಮೈಕೆಲ್ ಸ್ಪೆನ್ಸ್, ಜೋಸೆಫ್ ಸ್ಟಿಗ್ಲಿಟ್ಸ್ ಅವರೊಂದಿಗೆ ನೊಬೆಲ್ ಬಂತು. ಸರಕಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ ಎಂದಾದಾಗ ಒಳ್ಳೆಯ ಸರಕಿಗೆ ತಕ್ಕ ಬೆಲೆ ಸಿಗುವುದಿಲ್ಲ. ಕ್ರಮೇಣ ಒಳ್ಳೆಯ ಸರಕು ಮಾರುಕಟ್ಟೆಯಿಂದಲೇ ಮಾಯವಾಗುತ್ತದೆ ಎಂಬುದು ಅದರ ಸಾರ. ಬ್ರಾಡ್‌ಬ್ಯಾಂಡಿಗೆ ಇದನ್ನು ಅನ್ವಯಿಸಿ ನೋಡಿ. ಬಡಾವಣೆಯ ಒಬ್ಬ ಪ್ರಾಮಾಣಿಕ ಆಪರೇಟರ್ ಹೆಚ್ಚಿನ ಸಾಮರ್ಥ್ಯ ಕೊಂಡು, ಸಂಜೆಯೂ 60 ಕೊಡಬಲ್ಲೆನೆಂದು ನಿಜವನ್ನೇ ಬರೆದ ಎಂದುಕೊಳ್ಳೋಣ. ಪಕ್ಕದ ಫಲಕದಲ್ಲಿ ಅದೇ ಬೆಲೆಗೆ ‘100ರವರೆಗೆ’ ಎಂದಿದೆ. ಅಲ್ಲಿ ಸಂಜೆ ಬರುವುದು 12. ಗ್ರಾಹಕ ಹೋಗುವುದು ನೂರರ ಕಡೆಗೆ. ಮುಂದಿನ ವರ್ಷ ಪ್ರಾಮಾಣಿಕನೂ ‘ವರೆಗೆ’ಯನ್ನು ಕಲಿಯುತ್ತಾನೆ, ಇಲ್ಲವೇ ಅಂಗಡಿ ಮುಚ್ಚುತ್ತಾನೆ. ತಂತಿಗಳಿಗೆ ಹಣ ಹೂಡುವವನಿಗಿಂತ ಫಲಕಗಳಿಗೆ ಹೂಡುವವನು ಗೆಲ್ಲುವ ಸ್ಪರ್ಧೆಯಿದು.

ಯಾವ ಬಾಗಿಲು ತಟ್ಟಬೇಕು?

ವಂಚಿತನಾದ ಗ್ರಾಹಕನ ಪಾಡು ನೋಡೋಣ. 2012ರ ದೂರು ಪರಿಹಾರ ನಿಯಮಾವಳಿಯಂತೆ ಮೊದಲು ಕಂಪನಿಯ ದೂರು ಕೇಂದ್ರಕ್ಕೆ ಹೋಗಬೇಕು. ಅಲ್ಲಿ ಸಮಾಧಾನವಾಗದಿದ್ದರೆ 30 ದಿನಗಳೊಳಗೆ ಮೇಲ್ಮನವಿ ಪ್ರಾಧಿಕಾರಕ್ಕೆ. ಅದು 39 ದಿನಗಳಲ್ಲಿ ತೀರ್ಮಾನ ಕೊಡಬೇಕು. ಹೆಸರು ಕೇಳಿ ಯಾವುದೋ ನ್ಯಾಯಪೀಠವೆಂದು ಭಾವಿಸಬೇಡಿ. ಆ ಪ್ರಾಧಿಕಾರವೂ ಕಂಪನಿಯೇ ನೇಮಿಸಿದ್ದು. ಪ್ರತಿವಾದಿಯೇ ನ್ಯಾಯಾಧೀಶನಾಗುವ ಏರ್ಪಾಡು. ಟ್ರಾಯ್‌ಗೆ ಬರೆದರೆ, ಬಿಡಿ ಗ್ರಾಹಕರ ದೂರನ್ನು ವಿಚಾರಣೆ ಮಾಡುವ ಅಧಿಕಾರ ತನಗಿಲ್ಲವೆಂದು ಅದು ಹೇಳುತ್ತದೆ. 1997ರ ಅದರ ಕಾಯ್ದೆಯ ಚೌಕಟ್ಟೇ ಹಾಗಿದೆ.

ಉಳಿದದ್ದು ಗ್ರಾಹಕ ನ್ಯಾಯಾಲಯ. ಅಲ್ಲಿಯೂ 2009ರಿಂದ ಬಾಗಿಲಿಗೆ ಅಗುಳಿ ಬಿದ್ದಿತ್ತು. ದೂರವಾಣಿ ಸಂಪರ್ಕ ಕಡಿತದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, 1885ರ ಟೆಲಿಗ್ರಾಫ್ ಕಾಯ್ದೆಯ 7ಬಿ ಕಲಮಿನ ಪ್ರಕಾರ ಇಂಥ ವ್ಯಾಜ್ಯಗಳು ಪಂಚಾಯ್ತಿಗೆ ಹೋಗಬೇಕೇ ಹೊರತು ಗ್ರಾಹಕ ವೇದಿಕೆಗಲ್ಲ ಎಂದು ಆ ವರ್ಷ ತೀರ್ಪಿತ್ತಿತ್ತು. ಅಂದಿನಿಂದ ಈ ತೀರ್ಪು ಕಂಪನಿಗಳ ವಕೀಲರ ಕೈಯಲ್ಲಿ ಗುರಾಣಿಯಾಯಿತು. ಅಹಮದಾಬಾದಿನ ಗ್ರಾಹಕರೊಬ್ಬರು ಮಾಮೂಲಿಗಿಂತ ಹಲವು ಪಟ್ಟು ಬಂದ ಮೊಬೈಲ್ ಬಿಲ್ಲಿನ ವಿರುದ್ಧ 2014ರಲ್ಲಿ ದೂರು ಕೊಟ್ಟರು. ಆ ದೂರನ್ನು ಕೇಳುವ ಅಧಿಕಾರ ಗ್ರಾಹಕ ವೇದಿಕೆಗೆ ಇದೆಯೇ ಎಂಬ ಒಂದೇ ಪ್ರಶ್ನೆ ಮೆಟ್ಟಿಲು ಮೆಟ್ಟಿಲೇರಿ ಸುಪ್ರೀಂ ಕೋರ್ಟ್ ತಲುಪಿತು. ಇದೆ ಎಂದು ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2022ರ ಫೆಬ್ರುವರಿಯಲ್ಲಿ. ಯಾವ ಬಾಗಿಲು ತಟ್ಟಬೇಕೆಂಬುದು ಇತ್ಯರ್ಥವಾಗಲು ಎಂಟು ವರ್ಷ ಹಿಡಿಯಿತು. ಬಿಲ್ಲು ಸರಿಯೋ ತಪ್ಪೋ ಎಂಬುದು ಆ ಮೇಲಿನ ಮಾತು.

ಈಗ ಆ ಬಾಗಿಲು ತೆರೆದಿದೆ, ನಮ್ಮಲ್ಲಿ ಬಹಳ ಮಂದಿಗೆ ಅದು ಗೊತ್ತಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ದಾಖಲಿಸಬಹುದು. ತೆತ್ತ ಮೊತ್ತ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದೂ ಇಲ್ಲ. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ಇದೆ. ಅದೇ ಕಾಯ್ದೆಯಡಿ ಸ್ಥಾಪಿತವಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ, ದಾರಿ ತಪ್ಪಿಸುವ ಜಾಹೀರಾತಿಗಾಗಿ ಮೊದಲ ಬಾರಿಗೆ ಹತ್ತು ಲಕ್ಷ, ಮರುಕಳಿಸಿದರೆ ಐವತ್ತು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸುವ ಅಧಿಕಾರವಿದೆ. ಜಾಹೀರಾತುಗಳ ಕುರಿತು ಈ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಪ್ರತಿಯೊಬ್ಬ ಗ್ರಾಹಕನೂ ಓದಬೇಕು. ಜಾಹೀರಾತಿನ ಮುಖ್ಯ ಹೇಳಿಕೆಗೆ ವಿರುದ್ಧವಾದ ಮಾತನ್ನು ಷರತ್ತಿನಲ್ಲಿ ತೂರಿಸುವಂತಿಲ್ಲ. ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ, ಅದೇ ಅಕ್ಷರ ಶೈಲಿಯಲ್ಲಿ ಇರಬೇಕು. ಈಗ ನಮ್ಮ ಬಸ್ ತಂಗುದಾಣಗಳ ಫಲಕಗಳನ್ನು ನೋಡಿ. ‘ಮಿಂಚಿನ ವೇಗ’ ಎಂಬುದು ಅಂಗೈ ಅಗಲದ ಕನ್ನಡ ಅಕ್ಷರಗಳಲ್ಲಿ. ನಕ್ಷತ್ರ ಚಿಹ್ನೆಯ ಜಾಡು ಹಿಡಿದು ಕೆಳಗಿಳಿದರೆ ಷರತ್ತುಗಳು ಇರುವೆ ಸಾಲಿನಂತೆ ಇಂಗ್ಲಿಷಿನಲ್ಲಿ. ಹಕ್ಕುಗಳು ಪುಸ್ತಕದಲ್ಲಿ ಮುದ್ರಿತವಾದ ಮಾತ್ರಕ್ಕೆ ಫಲಕಗಳು ಬದಲಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ತಂತಿ ಬದಲಾಗಲಿಲ್ಲ, ಮಾತು ಬದಲಾಯಿತು

ಪರಿಹಾರ ಅಸಾಧ್ಯವೇ ಎಂದರೆ, ಅಲ್ಲವೆಂಬುದಕ್ಕೆ ಬೇರೆ ದೇಶಗಳ ಅನುಭವವಿದೆ. ಬ್ರಿಟನ್ನಿನಲ್ಲಿಯೂ ನಮ್ಮಂತೆಯೇ ‘ವರೆಗೆ’ಯ ಆಳ್ವಿಕೆ ನಡೆದಿತ್ತು. ಗ್ರಾಹಕರಲ್ಲಿ ಶೇ 10ರಷ್ಟು ಜನರಿಗೆ ಸಿಗುವ ವೇಗವನ್ನು ಜಾಹೀರಾತಿನಲ್ಲಿ ಹೇಳಿದರೆ ಸಾಕಾಗಿತ್ತು. 2018ರ ಮೇ ತಿಂಗಳಿನಿಂದ ಅಲ್ಲಿನ ಜಾಹೀರಾತು ಸಂಹಿತೆ ಬದಲಾಯಿತು. ಮನೆಬಳಕೆಯ ಸಂಪರ್ಕವಾದರೆ ರಾತ್ರಿ ಎಂಟರಿಂದ ಹತ್ತರ ನಡುವಿನ ದಟ್ಟಣೆಯ ಹೊತ್ತಿನಲ್ಲಿ ಕನಿಷ್ಠ ಅರ್ಧದಷ್ಟು ಗ್ರಾಹಕರಿಗೆ ದೊರೆಯುವ ವೇಗವನ್ನಷ್ಟೇ, ಅದೂ ‘ಸರಾಸರಿ’ ಎಂದು, ಹೇಳಬಹುದು. ಕೆಲವೇ ತಿಂಗಳಲ್ಲಿ ‘17 ಎಂಬಿಪಿಎಸ್‌ವರೆಗೆ’ ಎಂದು ಮಾರುತ್ತಿದ್ದ ಯೋಜನೆಗಳು ಸರಾಸರಿ ಹತ್ತೋ ಹನ್ನೊಂದೋ ಎಂದು ಬರೆಯತೊಡಗಿದವು. ನೆಲದಡಿಯ ತಂತಿ ಅದೇ ಆಗಿತ್ತು. ಮಾತು ಮಾತ್ರ ಬದಲಾಯಿತು. ಗ್ರಾಹಕನಿಗೆ ತಾನು ಕೊಳ್ಳುತ್ತಿರುವುದೇನೆಂದು ತಿಳಿಯಿತು. ಆಸ್ಟ್ರೇಲಿಯಾದಲ್ಲಿ, ಗ್ರಾಹಕನ ಮನೆಗೆ ಬರುವ ಗರಿಷ್ಠ ವೇಗವನ್ನು ಪರಿಶೀಲಿಸಿ ತಿಳಿಸುತ್ತೇವೆಂದು ಹೇಳಿ ಹಾಗೆ ಮಾಡದ ಮೂರು ದೊಡ್ಡ ಕಂಪನಿಗಳಿಗೆ ಅಲ್ಲಿನ ಫೆಡರಲ್ ನ್ಯಾಯಾಲಯ 2022ರ ನವೆಂಬರ್‌ನಲ್ಲಿ ಒಟ್ಟು 335 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಅಮೆರಿಕದಲ್ಲಿ 2024ರ ಏಪ್ರಿಲ್‌ನಿಂದ ಆಹಾರದ ಪೊಟ್ಟಣದ ಪೋಷಕಾಂಶ ಪಟ್ಟಿಯಂತೆ ಬ್ರಾಡ್‌ಬ್ಯಾಂಡಿಗೂ ಬೆಲೆ, ವಿಶಿಷ್ಟ ವೇಗಗಳ ಪಟ್ಟಿ ಬಂದಿತು.

‘ಭಾರತದಲ್ಲಿ ದರ ಇಷ್ಟು ಅಗ್ಗವಾಗಿರುವಾಗ ಇದೆಲ್ಲ ಅತಿಯಾಸೆಯಲ್ಲವೇ?’ ಎಂದು ಉದ್ಯಮದ ಮಿತ್ರರು ಕೇಳಬಹುದು. ದರ ಅಗ್ಗವೆಂಬುದು ನಿಜ. ಆ ಅಗ್ಗದಿಂದ ಕೋಟ್ಯಂತರ ಜನರಿಗೆ ಉಪಕಾರವಾಗಿದೆ. ಆದರೆ ಪ್ರಮಾಣ ತಿಳಿಯದೆ ಬೆಲೆ ಅಗ್ಗವೋ ದುಬಾರಿಯೋ ಹೇಳುವುದು ಹೇಗೆ? ತಿಂಗಳಿಗೆ 800 ರೂಪಾಯಿಗೆ ನೂರು ಬಂದರೆ ಒಂದು ಮೆಗಾಬಿಟ್‌ಗೆ ಎಂಟು ರೂಪಾಯಿ. ಬೇಕಾದ ಹೊತ್ತಿನಲ್ಲಿ ಹತ್ತೇ ಬಂದರೆ ಎಂಬತ್ತು ರೂಪಾಯಿ. ಎಂಟುನೂರಕ್ಕೆ ಸಂಜೆ ಮೂವತ್ತು ಮಾತ್ರ ಕೊಡಲು ಸಾಧ್ಯವಾದರೆ ಮೂವತ್ತೆಂದೇ ಬರೆಯಲಿ. ಅದನ್ನು ಕೊಳ್ಳುವವರು ಕೊಳ್ಳುತ್ತಾರೆ. ಅಗ್ಗದ ಅಕ್ಕಿಗೂ ತೂಕ ಸರಿಯಿರಬೇಕೆಂಬುದು ನ್ಯಾಯಬೆಲೆ ಅಂಗಡಿಯಲ್ಲೇ ನಾವು ಜಾರಿಗೆ ತಂದ ತತ್ತ್ವ.

ಮಾಡಬೇಕಾದುದು ಹೆಚ್ಚೇನಿಲ್ಲ. ಮೊದಲನೆಯದಾಗಿ, ಗರಿಷ್ಠ ವೇಗವನ್ನು ಬರೆಯುವ ಪ್ರತಿ ಜಾಹೀರಾತಿನಲ್ಲೂ ಸಂಜೆ ಏಳರಿಂದ ಹನ್ನೊಂದರವರೆಗಿನ ಸಾಮಾನ್ಯ ವೇಗವನ್ನೂ, ಇದಕ್ಕಿಂತ ಕೆಳಗಿಳಿಯದೆಂಬ ಕನಿಷ್ಠ ವೇಗವನ್ನೂ ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಬರೆಯುವುದು ಕಡ್ಡಾಯವಾಗಲಿ. ಎರಡನೆಯದಾಗಿ, ಅಳತೆ ಕಂಪನಿಯ ಜಾಲದ ಹೊರಗಿರುವ ಸ್ವತಂತ್ರ ಸರ್ವರ್‌ಗಳ ಮೂಲಕ ನಡೆಯಲಿ. ಮೊಬೈಲ್ ವೇಗಕ್ಕಾಗಿ ಟ್ರಾಯ್ 2016ರಲ್ಲೇ ‘ಮೈಸ್ಪೀಡ್’ ತಂತ್ರಾಂಶ ತಂದಿತ್ತು. ಮನೆಯ ಬ್ರಾಡ್‌ಬ್ಯಾಂಡಿಗೂ ಅಂಥ ಅಳತೆಯ ದಾಖಲೆಯನ್ನು ದೂರಿನಲ್ಲಿ ಸಾಕ್ಷ್ಯವೆಂದು ಮಾನ್ಯ ಮಾಡಲಿ. ಮೂರನೆಯದಾಗಿ, ಕನಿಷ್ಠ ವೇಗ ಸತತವಾಗಿ ತಪ್ಪಿದರೆ ಗ್ರಾಹಕ ಕೇಳದೆಯೇ ಬಿಲ್ಲಿನಲ್ಲಿ ಕಡಿತವಾಗಲಿ; ಆರು ತಿಂಗಳು, ವರ್ಷದ ಹಣವನ್ನು ಮುಂಗಡವಾಗಿ ಪಡೆದಿದ್ದರೆ ಉಳಿದ ಅವಧಿಯ ಹಣ ಮರಳಿಸಿ ಬಿಡುಗಡೆ ನೀಡಲಿ. ಕೊನೆಯದಾಗಿ, ಮೇಲ್ಮನವಿ ಕಂಪನಿಯ ಹೊರಗಿನ ಓಂಬುಡ್ಸ್‌ಮನ್ ಬಳಿಗೆ ಹೋಗಲಿ. ಬ್ಯಾಂಕುಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ 1995ರಷ್ಟು ಹಿಂದೆಯೇ ಈ ವ್ಯವಸ್ಥೆಯನ್ನು ತಂದಿದೆ. ಬ್ಯಾಂಕಿನ ಗ್ರಾಹಕನಿಗೆ ಸಲ್ಲುವುದು ಬ್ರಾಡ್‌ಬ್ಯಾಂಡಿನ ಗ್ರಾಹಕನಿಗೆ ಏಕೆ ಸಲ್ಲಬಾರದು?

ಕೋವಿಡ್ ಕಾಲಕ್ಕಿಂತ ಮೊದಲು ಬ್ರಾಡ್‌ಬ್ಯಾಂಡನ್ನು ಅನುಕೂಲವಂತರ ಸೌಕರ್ಯವೆಂದು ಕಡೆಗಣಿಸಬಹುದಿತ್ತು. 2020ರ ನಂತರ ಶಾಲೆ, ಕಚೇರಿ, ವೈದ್ಯರ ಸಲಹೆ ಎಲ್ಲವೂ ಆ ಎಳೆಯ ಮೇಲೆ ನಡೆದವು. ನನ್ನಂಥ ಪಿಂಚಣಿದಾರರ ಜೀವಿತ ಪ್ರಮಾಣಪತ್ರ ಕೂಡ ಈಗ ಅಂತರ್ಜಾಲದ ಮೂಲಕ ಸಲ್ಲುತ್ತದೆ. ಬದುಕೇ ಅದರ ಮೇಲೆ ನಿಂತಿರುವಾಗ ಅದರ ಅಳತೆಯನ್ನು ಮಾರುವವನ ಮರ್ಜಿಗೆ ಬಿಡುವುದು ಸರ್ಕಾರದ ಕರ್ತವ್ಯಲೋಪವಾಗುತ್ತದೆ.

ಮಹಡಿಯ ಹುಡುಗಿ ಈಗ ಒಂದು ನೋಟ್‌ಪುಸ್ತಕ ಇಟ್ಟಿದ್ದಾಳೆ. ಪ್ರತಿ ರಾತ್ರಿ ಎಂಟು, ಒಂಬತ್ತು, ಹತ್ತು ಗಂಟೆಗೆ ಬಂದ ವೇಗವನ್ನು ತಾರೀಖಿನೊಂದಿಗೆ ಬರೆದು, ಪರದೆಯ ಚಿತ್ರವನ್ನೂ ಉಳಿಸಿಕೊಳ್ಳುತ್ತಾಳೆ. ನಲವತ್ತು ದಿನಗಳ ಲೆಕ್ಕ ಕೂಡಿದೆ. ಮೇಲ್ಮನವಿಗೆ ಬಂದ ಉತ್ತರದಲ್ಲಿ ‘ನಮ್ಮ ಸೇವೆ ಕರಾರಿಗೆ ಅನುಗುಣವಾಗಿದೆ’ ಎಂಬ ಒಂದೇ ವಾಕ್ಯವಿತ್ತು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಸಲ್ಲಿಸಬೇಕಾದ ದೂರಿನ ಕರಡನ್ನು ನಾವಿಬ್ಬರೂ ಕುಳಿತು ಬರೆಯುತ್ತಿದ್ದೇವೆ. ಆಯೋಗ ಏನು ಹೇಳೀತೋ ತಿಳಿಯದು. ಅಂದು ಹಳ್ಳಿಯ ಅಂಗಡಿಯಲ್ಲಿ ತಟ್ಟೆ ಮಗುಚಿ ನೋಡಲು ಸರ್ಕಾರ ಒಬ್ಬ ಅಧಿಕಾರಿಯನ್ನು ಕಳುಹಿಸಿತ್ತು. ಇಂದು ಆ ಕೆಲಸವನ್ನು ಇಪ್ಪತ್ತನಾಲ್ಕರ ಹೆಣ್ಣುಮಗಳೊಬ್ಬಳು, ಗಡುವಿನ ಕೆಲಸದ ನಡುವೆ, ಒಂದು ನೋಟ್‌ಪುಸ್ತಕದಲ್ಲಿ ಮಾಡಬೇಕಾಗಿದೆ.